ಬೆನ್ನು ತಿರುಗಿಸಿದ ಗಿಳಿ

ಕಂಪ್ಯೂಟರ್ ಪರದೆಯ ಮೇಲೆ ಗಿಳಿ ಮೂಡಿದ ಕೂಡಲೇ ರತ್ನಮ್ಮ ಕುರ್ಚಿಯಿಂದ ಎದ್ದು ನಿಂತರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದೊಡ್ಡಬಳ್ಳಾಪುರದಲ್ಲಿ ಸೀರೆ ಡಿಸೈನ್ ಮಾಡಿಕೊಡುವ ಅಂಗಡಿಯಲ್ಲಿದ್ದೆ. ಆ ಗಿಳಿ, ನೇಕಾರರಾಗಿದ್ದ ರತ್ನಮ್ಮನವರ ಯಜಮಾನರು ನಮ್ಮಲ್ಲಿ ಕೂತು ಬಿಡಿಸಿದ ಕೊನೆಯ ಡಿಸೈನ್. ಅವರು ತೀರಿಕೊಂಡ ವಾರವೇ ಕರೆಂಟ್ ಹೋಗಿ ಫೈಲ್ ಕೆಟ್ಟಿತ್ತು. ಪುಣ್ಯಕ್ಕೆ, ತಿದ್ದಿದಾಗಲೆಲ್ಲ ಹಿಂದಿನ ಪ್ರತಿಯನ್ನೂ ಕಂಪ್ಯೂಟರ್ ಬೇರೆಯಾಗಿ ಉಳಿಸಿಕೊಳ್ಳುತ್ತಿತ್ತು. ಅವುಗಳಲ್ಲಿ ಹಾಳಾಗದೆ ಸಿಕ್ಕಿದ್ದು ಮೊಟ್ಟಮೊದಲನೆಯದು ಮಾತ್ರ.

ಅದರಲ್ಲೊಂದು ತಪ್ಪಿತ್ತು. ಮಗ್ಗದ ಮೇಲೆ ಸೀರೆಯ ಒಳಮೈ ಮೇಲೆ ಬರುವುದರಿಂದ ಚಿತ್ರವನ್ನು ಎಡಬಲ ಅದಲುಬದಲು ಮಾಡಿ ಬಿಡಿಸಬೇಕು. ಅವರು ನೇರವಾಗಿ ಬಿಡಿಸಿದ್ದರು. ಹಾಗೇ ನೇಯ್ದರೆ ಸೆರಗಿನ ಗಿಳಿ ಸೀರೆಯ ಒಡಲಿಗೆ ಬೆನ್ನು ಹಾಕುತ್ತಿತ್ತು.

“ಒಂದೇ ನಿಮಿಷ ಅಮ್ಮಾ, ತಿರುಗಿಸಿಬಿಡ್ತೀನಿ” ಎಂದೆ.

“ಬೇಡ ಕಣಪ್ಪಾ. ಪ್ರತಿ ಸಲ ಹಿಂಗೇ ಮರ್ತುಬಿಡೋರು. ನಾನು ಬೈದ್ಮೇಲೇ ತಿರುಗಿಸೋರು. ಈ ಸಲ ಬೈಯಲ್ಲ, ಹಂಗೇ ನೇಯ್ಲಿ.”

ಸೀರೆ ಹಾಗೇ ನೇಯ್ದು ಬಂತು. ಅಂದಿನಿಂದ, ಡಿಸೈನ್ ಸರಿಯಾಯಿತಲ್ಲ ಎಂದು ಯಾರ ತಪ್ಪು ಪ್ರತಿಯನ್ನೂ ಅಳಿಸಲು ನನಗೆ ಕೈ ಬಂದಿಲ್ಲ.