ತೊಟ್ಟಿಯ ನಡುವ ನಿಂತ ಕಲ್ಲು

ಇಳಕಲ್ಲಿನ ಗ್ರಾನೈಟ್ ಅಂಗಡ್ಯಾಗ ನಾ ಕಲ್ಲು ಒರಸಾಂವ. ನಮ್ಮ ಸಾಹುಕಾರ್ರು ಅಲ್ಲೇ ಗಾಜಿನ ತೊಟ್ಟ್ಯಾಗ ಆಫ್ರಿಕಾದ ಬಣ್ಣದ ಮೀನು ಸಾಕಿದ್ರು. ಬೆಳಿಗ್ಗೆ ಬಂದಕೂಡ್ಲೆ ನಮಗಿಂತ ಮೊದಲು ಅವನ್ನ ಮಾತಾಡಸ್ತಿದ್ರು. ಹಳದಿ ಮೀನು ಸೊಪ್ಪು ತಿನ್ನೂವು, ನೀಲಿವು ಹುಳ ತಿನ್ನೂವು. ಹುಳ ತಿಂದರ ಹಳದಿವು ಹೊಟ್ಟಿ ಉಬ್ಬಿ ಸಾಯ್ತಾವಂತ ಯಾರೋ ಹೇಳಿದಾಗಿಂದ ಅವರಿಗೆ ನಿದ್ದಿ ಇಲ್ಲ.

"ಏನ್ ಹಾಕೂದಲೇ ಇವಕ್ಕ?" ಅಂದ್ರು.

"ಖಂಡ ತಿನ್ನೋರ ಪಂಗ್ತಿ ಬ್ಯಾರೆ ಮಾಡ್ರಿ ಸಾಹುಕಾರ್ರ. ನಡುವ ಒಂದು ಕಲ್ಲು ನಿಲ್ಲಿಸ್ರಿ," ಅಂತ ಚ್ಯಾಷ್ಟಿ ಮಾಡಿದೆ.

ನಗ್ತಾರ ಅನ್ಕೊಂಡಿದ್ದೆ. ಅವರು ಕೆಂಪು ಕಲ್ಲು ಕೊಯ್ಸಿ, ಪಾಲಿಶ್ ಮಾಡಿಸಿ, ತೊಟ್ಟಿ ನಡುವ ಅಡ್ಡಗ್ವಾಡಿಯಂಗ ನಿಲ್ಲಿಸೇಬಿಟ್ರು; ಹಳದಿವು ಒಂದ ಕಡೆ, ನೀಲಿವು ಒಂದ ಕಡೆ.

ವಾರದಾಗ ಹಳದಿ ಕಡೆ ಒಂದ ಮೀನು ಉಳೀತು. ಉಳಿದವನ್ನೆಲ್ಲ ಅದ ಕಚ್ಚಿ ಕೊಂದಿತ್ತು.

ಹುಬ್ಬಳ್ಳಿ ಮೀನಿನಂಗಡಿಯಾಂವ ಫೋನಿನಾಗ ಅಂದ: "ಎಲ್ಲಾಕೂ ಪಾಚಿ ಬೆರಸಿದ ಕಾಳು ಹಾಕಿದ್ರ ಸಾಕಿತ್ತರಿ, ನೀಲಿವೂ ತಿಂತಿದ್ವು. ಎಲ್ಲಾ ಕೂಡಿ ಗದ್ದಲದಾಗ ಇದ್ರ ಯಾವ ಮೀನೂ ಒಂದನ್ನ ಹಿಡದು ಕಾಡಂಗಿಲ್ಲ."

ಸಾಹುಕಾರ್ರು ನನ್ನ ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಕಲ್ಲು ತಗದು ಕೈಯಾಗ ಕೊಟ್ಟು, "ಒರಸಿಡು," ಅಂದ್ರು.

ಅದಕ್ಕಿನ್ನೂ ಗಿರಾಕಿ ಬಂದಿಲ್ಲ. ದಿನಾ ಒರಸ್ತೇನಿ.