ಕಾಕಾ ಕಲಿಸಿದ ವೈನ್ ಪದ್ಧತಿ

ನಿಂಬರ್ಗಾದ ನಮ್ಮ ಕಾಕಾ ವೈನ್ ಗ್ಲಾಸಿನೊಳಗೆ ಬೆರಳು ಅದ್ದಿದಾಗ ವೈನರಿ ಮಾಲೀಕರ ಮುಖ ನೋಡುವಂತಿತ್ತು. ಆಳಂದದ ಬಳಿಯ ಆ ಪುಟ್ಟ ವೈನರಿಗೆ ಆಹ್ವಾನ ಇದ್ದವರಿಗೆ ಮಾತ್ರ ಪ್ರವೇಶ. ಗ್ಲಾಸು ಹೇಗೆ ಹಿಡಿಯಬೇಕು, ಎಷ್ಟು ಹೊತ್ತು ಮೂಸಬೇಕು ಎಂದು ಅವರು ಆಗಷ್ಟೇ ನಮಗೆ ದೀಕ್ಷೆ ಕೊಟ್ಟು ಮುಗಿಸಿದ್ದರು. ವೈನಿನಲ್ಲಿ ಹಳೆಯ ಚರ್ಮದ, ಒದ್ದೆ ಕಲ್ಲಿನ ವಾಸನೆ ಇದೆಯಂತೆ. ನನಗೆ ಬರೀ ದ್ರಾಕ್ಷಿ ವಾಸನೆ ಬಂತು. ನನ್ನ ಮೂಗಿನ ಯೋಗ್ಯತೆ ಅಷ್ಟೇ.

ಕಾಕಾ ಬೆರಳಿನಿಂದ ಕಾರ್ಪೆಟ್ ಮೇಲೆ ಹನಿ ಚಿಮುಕಿಸಿ, "ಮೊದಲ ನೀ ತಗೋ, ಅಪ್ಪಾ" ಎಂದು ತೀರಿಹೋದ ತಮ್ಮ ತಂದೆಗೆ, ಅಂದರೆ ನಮ್ಮ ಮುತ್ಯಾನಿಗೆ, ಪಿಸುಗುಟ್ಟಿ, ಒಂದೇ ಗುಟುಕಿಗೆ ಗ್ಲಾಸು ಖಾಲಿ ಮಾಡಿದರು. ಊರಲ್ಲಿ ಕುಡಿಯುವ ಹಿರಿಯರೆಲ್ಲ ತೀರಿಹೋದವರ ಹೆಸರಲ್ಲಿ ಮೊದಲ ಹನಿ ಬಿಡುವುದೇ ಹಾಗೆ. ಇದೇನೆಂದು ಮಾಲೀಕರು ಕೇಳಿದರು. ಮರ್ಯಾದೆ ಉಳಿಸಲು ನಾನು, "ಪರಿಮಳ ಏಳ್ಲಿ ಅಂತ ಮಾಡ್ತಾರ್ರಿ, ಹಳೇ ಪದ್ಧತಿ" ಎಂದುಬಿಟ್ಟೆ. ಅವರು ಗಂಭೀರವಾಗಿ ತಲೆಯಾಡಿಸಿದರು.

ಹೋದ ವಾರ ನೆಂಟರೊಂದಿಗೆ ಮತ್ತೆ ಅಲ್ಲಿಗೆ ಹೋದರೆ ಕಾರ್ಪೆಟ್ ಮಾಯವಾಗಿತ್ತು. ಮಾಲೀಕರು ಹೇಳಿಕೊಟ್ಟಂತೆ ಎಲ್ಲರೂ ಬೆರಳು ಅದ್ದಿ, ನೆಲಕ್ಕೆ ಹನಿ ಚಿಮುಕಿಸಿ, ಕಣ್ಣು ಮುಚ್ಚಿಕೊಂಡು ಪರಿಮಳ ಏಳುವುದನ್ನು ಕಾದರು. ಅದು ಎದ್ದದ್ದು ಒಬ್ಬರಿಗೆ ಸ್ಪಷ್ಟವಾಗಿ ಗೊತ್ತೂ ಆಯಿತು.

ಇದನ್ನು ಹೇಳಿದರೆ ಕಾಕಾ ಬಿದ್ದು ಬಿದ್ದು ನಗುತ್ತಾರೆಂದುಕೊಂಡಿದ್ದೆ. "ಯಾರ ಹೆಸರು ತಗೊಂಡ್ರು?" ಎಂದು ಕೇಳಿದರು. ಯಾರದೂ ಇಲ್ಲ ಎಂದೆ. ಕಾಕಾ, "ಹಂಗಾದ್ರ ಬರೇ ಚೆಲ್ಯಾರ ಬಿಡು" ಎಂದರು.