ಸಾಂಬಾರಿನ ಆವಿ

ಇವತ್ತು ಬೆಳಿಗ್ಗೆ ನಮ್ಮ ಹೋಟೆಲಿನಲ್ಲಿ ಸಾಂಬಾರು ಕೊತಕೊತ ಕುದಿಯುತ್ತಿತ್ತು. ನನ್ನ ಮೂಗಿಗೆ ವಾಸನೆಯೇ ಬರಲಿಲ್ಲ. ನೆಗಡಿಯೂ ಇರಲಿಲ್ಲ. ಅಪ್ಪ ನೆನಪಾದರು.

ಆಗಲೂ ಗಲ್ಫಿನ ಬನಿಯಾಸಿನ ಇದೇ ಅಡುಗೆಮನೆ. ಉಡುಪಿಯಿಂದ ಬಂದ ಅಪ್ಪ ದೇವರಿಗೆ ನೈವೇದ್ಯ ಆಗುವ ಮೊದಲು ಯಾವುದನ್ನೂ ರುಚಿ ನೋಡುತ್ತಿರಲಿಲ್ಲ. ಆವಿ ಮೂಸಿಯೇ ಉಪ್ಪು ಹೇಳುತ್ತಿದ್ದರು. ಒಂದು ಜ್ವರ ಬಂದುಹೋದ ಮೇಲೆ ಆ ಮೂಗು ಸತ್ತೇಹೋಯಿತು. ಗಿರಾಕಿಗಳು ತಟ್ಟೆ ಹಾಗೇ ಬಿಟ್ಟು ಏಳತೊಡಗಿದರು.

"ಒಂದು ಹನಿ ನಾಲಿಗೆಗೆ ಹಾಕಿ ನೋಡಿ ಮಾರಾಯ್ರೆ," ಎಂದು ಅಮ್ಮ ಅಂಗಲಾಚಿದಳು.

"ದೇವರಿಗೆ ಎಂಜಲು ಇಡುವುದಾ?"

ಸ್ಕೂಲ್ ವ್ಯಾನಿಗೆ ಕಾಯುತ್ತಿದ್ದ ನನ್ನನ್ನು ಅಪ್ಪ ಎತ್ತಿಕೊಂಡು ಕೊಪ್ಪರಿಗೆಯ ಆವಿಯ ಹತ್ತಿರ ಹಿಡಿದರು.

"ಉಪ್ಪು ಸರಿ ಉಂಟಾ ಮಗಾ?"

"ಗೊತ್ತಾಗುವುದಿಲ್ಲ ಅಪ್ಪ."

"ಗೊತ್ತಾಗಬೇಕು. ಇನ್ನು ಈ ಹೋಟೆಲಿಗೆ ನೀನೇ ಮೂಗು."

ದಿನಾ ಯೂನಿಫಾರ್ಮಿನಲ್ಲೇ ನಿಂತು ಕಲಿತೆ. ಕ್ಲಾಸಿನಲ್ಲಿ ನನ್ನ ಜಡೆಯೂ ಇಂಗು ನಾರುತ್ತಿತ್ತು.

ಇವತ್ತು ನನ್ನ ಮಗಳನ್ನು ಕರೆದೆ. ಬಗ್ಗಿ ಮೂಸಿದಳು. "ಐ ಡೋಂಟ್ ನೋ ಅಮ್ಮಾ. ಜಸ್ಟ್ ಟೇಸ್ಟ್ ಇಟ್," ಎಂದು ಸೌಟು ಕೈಗಿಟ್ಟು ಹೋದಳು.

ಹೊರಗೆ ಗಿರಾಕಿಗಳು ಬಂದು ಕೂತಾಗಿತ್ತು. ದೇವರ ಪಟಕ್ಕೂ ಅಪ್ಪನ ಪಟಕ್ಕೂ ಬೆನ್ನು ಹಾಕಿ ಒಂದು ಹನಿ ಬಾಯಿಗೆ ಬಿಟ್ಟುಕೊಂಡೆ. ರುಚಿಯೂ ಗೊತ್ತಾಗಲಿಲ್ಲ.

ಅಪ್ಪನೂ ಅವತ್ತು ನನ್ನನ್ನು ಎತ್ತಿಕೊಳ್ಳುವ ಮೊದಲು ಹೀಗೇ ಕದ್ದು ರುಚಿ ನೋಡಿರಬೇಕು.